ಆರು ದಿನದ ಹೊಗಳಿಕೆ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಆ ತಾಯಿಯ ಕಿವಿಗೆ ಯಾವತ್ತೂ ಬಿದ್ದಂತಿರಲಿಲ್ಲ. ಬಿದ್ದಿದ್ದರೂ ಹೆಗ್ಗಣದ ಬಾಲ ಅರ್ಧ ಇಂಚು ಉದ್ದವಾಯಿತೆಂದು ತಕರಾರು ತೆಗೆಯುತ್ತಿದ್ದಳು. ಮೂವತ್ತೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಮೇಜಿನ ಮುಂದೆ ನಿಂತು ಸವೆದವಳು ಅವಳು. ಹೊಲಿದು ಮುಗಿದ ಅಂಗಿಗಳು ರಾಶಿರಾಶಿಯಾಗಿ ಬರುತ್ತಿದ್ದವು. ಅವಳು ಟ್ಯೂಬ್‌ಲೈಟಿನ ಕೆಳಗೆ ಒಂದೊಂದನ್ನೇ ಹರವಿ, ಬೆರಳ ತುದಿಯಿಂದ ಹೊಲಿಗೆಯ ಉದ್ದಕ್ಕೂ ತಡವಿ, ಬಿಟ್ಟ ನೂಲು, ಓರೆ ಕಾಲರ್, ಸುಕ್ಕು ಹಿಡಿದ ತೋಳು ಕಂಡಲ್ಲಿ ಕೆಂಪು ಬಾಣದ ಚೀಟಿ ಅಂಟಿಸಿ ಹಿಂದಕ್ಕೆ ತಳ್ಳುತ್ತಿದ್ದಳು. ಎಲ್ಲರೂ ಅವಳನ್ನು ಚೆಕಿಂಗಮ್ಮ ಎಂದೇ ಕರೆಯುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ಊರೆಲ್ಲ ಬೈಯುತ್ತದೆ, ಇವಳಿಗೆ ಅದಕ್ಕೇ ಸಂಬಳ ಬರುತ್ತಿತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಹೋಗಿ ಹೋಗಿ ದರ್ಜಿಯಾದಳು.

ಹೊರಗಿನವರ ಹತ್ತಿರ ಚೆಕಿಂಗಮ್ಮನಷ್ಟು ಮೃದು ಮಾತಿನವರು ಇನ್ನೊಬ್ಬರಿರಲಿಲ್ಲ. ಬೀದಿಯ ಯಾರ ಮನೆಗೆ ಹೋದರೂ ಅವರ ಅಡುಗೆ ಚೆನ್ನ, ಮಕ್ಕಳು ಚೆನ್ನ, ಸುಣ್ಣ ಉದುರಿದ ಗೋಡೆಯೂ ಚೆನ್ನ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳೆಂದರೆ ಮಾತ್ರ ನಾಲಿಗೆಗೆ ಹೊಸ ಬ್ಲೇಡು ಹಾಕಿಕೊಳ್ಳುತ್ತಿದ್ದಳು. ಮಗಳಿಗೆ ಈಗ ನಲವತ್ತನಾಲ್ಕು. ಹದಿನೈದು ವರ್ಷದಿಂದ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ನಡೆಸುತ್ತಿದ್ದಾಳೆ, ಬೇರೆ ಬಡಾವಣೆಯವರೂ ಹುಡುಕಿಕೊಂಡು ಬಂದು ಅಳತೆ ಕೊಡುತ್ತಾರೆ. ತಾಯಿ ಮಾತ್ರ ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿದೆ ಎಂದಿರಲಿಲ್ಲ. ಇಷ್ಟು ವಯಸ್ಸಾದ ಮೇಲೂ ಅದಕ್ಕಾಗಿ ಕಾಯುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಮಗಳು ನಕ್ಕುಬಿಡುತ್ತಿದ್ದಳು. ಕಾಯುತ್ತಿದ್ದಳು ಎಂಬುದು ಬೇರೆ ಮಾತು.

ತಾಯಿಯ ಗರ್ಭಕೋಶದಲ್ಲಿ ಶುರುವಾದ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿ, ಇನ್ನು ಔಷಧಿ ಕೊಟ್ಟು ಪ್ರಯೋಜನವಿಲ್ಲ, ನೋವಿಲ್ಲದಂತೆ ನೋಡಿಕೊಳ್ಳೋಣ ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಮಗಳು ಅವಳನ್ನು ತನ್ನ ಮನೆಗೆ ಕರೆತಂದಳು. ಕತ್ತರಿಸುವ ಮೇಜನ್ನು ಗೋಡೆಗೆ ಒರಗಿಸಿ, ಆ ಜಾಗದಲ್ಲಿ ಮಂಚ ಹಾಕಿ, ಹೊಲಿಗೆ ಯಂತ್ರವನ್ನು ಮಂಚದ ಪಕ್ಕಕ್ಕೇ ಎಳೆದುಕೊಂಡಳು. ವಾರಕ್ಕೆ ಎರಡು ಸಲ ಒಬ್ಬ ಸಿಸ್ಟರ್ ಸ್ಕೂಟರಿನಲ್ಲಿ ಬಂದು ನಾಡಿ, ನೋವು, ಮಾತ್ರೆ, ಬೆನ್ನಿನ ಚರ್ಮ ಎಲ್ಲ ನೋಡಿ ಹೋಗುತ್ತಿದ್ದಳು. ಮೊದಲ ದಿನವೇ ಅವಳು ಮಗಳನ್ನು ಕೂರಿಸಿಕೊಂಡು ಒಂದು ಎಚ್ಚರಿಕೆ ಹೇಳಿದ್ದಳು.

"ಈ ಹಂತದಲ್ಲಿ ಬುದ್ಧಿ ಕಲಸಿಹೋಗೋದು ತುಂಬ ಜನಕ್ಕೆ ಆಗುತ್ತೆ. ಹಿಂದಿನವರು ಸನ್ನಿ ಅಂತಿದ್ರಲ್ಲ, ಅದೇ. ಕೂಗಾಡೋರನ್ನ ಎಲ್ಲರೂ ಗಮನಿಸ್ತಾರೆ. ಸುಮ್ಮನಾಗಿಬಿಡ್ತಾರಲ್ಲ, ಅವರನ್ನ ಯಾರೂ ಗಮನಿಸಲ್ಲ, ನೆಮ್ಮದಿಯಾಗಿದಾರೆ ಅಂದ್ಕೋತಾರೆ. ಅಮ್ಮ ಇದ್ದಕ್ಕಿದ್ದ ಹಾಗೆ ಬೇರೆ ಥರ ಆದ್ರೆ, ಸುಮ್ಮನಾದ್ರೂ ಸರಿ, ನಂಗೆ ಫೋನ್ ಮಾಡಿ."

ಮಗಳು ತಲೆಯಾಡಿಸಿದಳು. ಅಮ್ಮ ಸುಮ್ಮನಾಗುವುದೆಂದರೆ ಅವಳಿಗೆ ಕಲ್ಪನೆಗೂ ಬರಲಿಲ್ಲ. ಮಂಚದ ಮೇಲೆ ಮಲಗಿದಲ್ಲಿಂದಲೇ ತಾಯಿ ಯಂತ್ರದ ಸದ್ದು ಕೇಳಿ, "ನೂಲು ಬಿಗಿ ಆಯ್ತು, ಸುಕ್ಕು ಹಿಡಿಯುತ್ತೆ ನೋಡು," ಎನ್ನುತ್ತಿದ್ದಳು. ಹೆಚ್ಚಿನ ಸಲ ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದೇ ಮಗಳಿಗೆ ಇನ್ನಷ್ಟು ಉರಿ.

ಒಂದು ಸೋಮವಾರ ಬೆಳಿಗ್ಗೆ ಮಗಳು ಶಾಲೆಯ ಶಿಕ್ಷಕಿಯೊಬ್ಬಳ ಕೋಟಿಗೆ ತೋಳು ಕೂರಿಸಿ, ಅಭ್ಯಾಸಬಲದಿಂದ ತಾಯಿಯ ಕಡೆಗೆ ಎತ್ತಿ ಹಿಡಿದಳು. ತಾಯಿ ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ," ಎಂದಳು.

ಮಗಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

"ಏನಂದೆ?"

"ಹೊಲಿಗೆ ತುಂಬಾ ಚೆನ್ನಾಗಿದೆ. ಒಳ್ಳೇ ಕೈ."

ಮಗಳು ಕೋಟನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಸದ್ದು ಮಾಡಿಕೊಂಡು ಅತ್ತಳು. ಸಾವಿನ ಹತ್ತಿರ ಬಂದವರು ಮೆತ್ತಗಾಗುತ್ತಾರೆ ಎಂದು ಜನ ಹೇಳುವುದನ್ನು ಕೇಳಿದ್ದಳು. ನನ್ನಮ್ಮನೂ ಮೆತ್ತಗಾದಳು, ಅಂತೂ ಒಂದು ಮಾತು ಬಂತು ಎಂದುಕೊಂಡಳು. ಮುಖ ತೊಳೆದು ಬಂದು ಮಧ್ಯಾಹ್ನ ಗಂಜಿ ಕುಡಿಸಿದರೆ ಅದೂ ಚೆನ್ನಾಗಿತ್ತು. ಉಪ್ಪು ಹಾಕುವುದನ್ನು ತಾನು ಮರೆತಿದ್ದೆನೆಂದು ಮಗಳಿಗೆ ಪಾತ್ರೆ ತೊಳೆಯುವಾಗ ನೆನಪಾಯಿತು.

ಆವತ್ತಿನಿಂದಲೇ ತಾಯಿಯ ಕೈಗಳು ಹೊದಿಕೆಯ ಮೇಲೆ ಓಡಾಡತೊಡಗಿದವು. ಹೆಬ್ಬೆರಳು ತೋರುಬೆರಳು ಸೇರಿಸಿ ಏನನ್ನೋ ಹೆಕ್ಕುವುದು, ಅಂಚು ಹಿಡಿದು ತಡವುವುದು, ಮತ್ತೆ ಹೆಕ್ಕುವುದು. ಬೇರೆ ಮನೆಯಾಗಿದ್ದರೆ ಯಾರಿಗಾದರೂ ವಿಚಿತ್ರವೆನಿಸುತ್ತಿತ್ತು. ಇಲ್ಲಿ ಆ ಬೆರಳಿನ ಆಟವನ್ನು ಮೂವತ್ತೊಂದು ವರ್ಷ ಕಂಡಿದ್ದರು. "ಚೆಕಿಂಗ್ ಮಾಡ್ತಿದಾಳೆ ಪಾಪ, ಕೈ ಸುಮ್ಮನಿರಲ್ಲ," ಎಂದು ಮಗಳು ಬಟ್ಟೆಯ ತುಂಡುಗಳನ್ನು ತಂದು ಆ ಕೈಗೆ ಕೊಟ್ಟಳು. ತಾಯಿ ಅವನ್ನು ತಡವಿ ತಡವಿ, "ಚೆನ್ನಾಗಿದೆ, ಇದೂ ಚೆನ್ನಾಗಿದೆ," ಎನ್ನುತ್ತಿದ್ದಳು. ಹೇಳುವಾಗ ತುಂಡನ್ನು ನೋಡುತ್ತಿರಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದಳು. ಅದು ಪ್ರೀತಿಯೆಂದೇ ಮಗಳು ತಿಳಿದಳು.

ಮಗಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಎರಡನೆಯ ದಿನ ಸಂಜೆ ಅವನು ಅತ್ತೆಗೆ ಚಹಾ ಕೊಟ್ಟು ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತ.

"ನಿಮ್ಮಮ್ಮ ನಂಗೆ ಉಪಕಾರ ಆಯ್ತು ಅಂದ್ರು."

"ಅದಕ್ಕೇನೀಗ?"

"ಹದಿನೆಂಟು ವರ್ಷದಲ್ಲಿ ನನ್ನ ಚಹಾಕ್ಕೆ ಅವರು ಇಟ್ಟ ಹೆಸರು ಒಂದೇ, ಕಲಗಚ್ಚು. ಇವತ್ತು ಉಪಕಾರ. ಸದ್ದು ಮಾಡ್ತಿದ್ದ ಲಿಫ್ಟು ಏಕಾಏಕಿ ಸದ್ದು ನಿಲ್ಲಿಸಿದ್ರೆ ನಾನು ಅದರೊಳಗೆ ಕಾಲಿಡಲ್ಲ. ಸಿಸ್ಟರಿಗೆ ಒಂದು ಮಾತು ಹೇಳು."

"ಅವಳೇನು ಲಿಫ್ಟಾ? ಮನುಷ್ಯಳು ಬದಲಾಗಬಾರದಾ? ನನ್ನ ಅಮ್ಮ ನನ್ನ ಹತ್ರ ಎರಡು ಒಳ್ಳೇ ಮಾತಾಡಿದ್ರೆ ನಿಮಗೆಲ್ಲ ಯಾಕೆ ಹೊಟ್ಟೆ ಉರಿ?"

ಅವನು ಖಾಲಿ ಲೋಟ ತೊಳೆದಿಟ್ಟು ಹೊರಗೆ ಹೋದ. ಅವನ ಮಾತು ಮಾತ್ರ ಮಗಳನ್ನು ಬಿಡಲಿಲ್ಲ. ಆವತ್ತು ಬೆಳಿಗ್ಗೆಯೇ ತಾಯಿ ಖಾಲಿ ಕುರ್ಚಿಯ ಕಡೆ ಕೈ ತೋರಿಸಿ, ಅವರಿಗೂ ನೀರು ಕೊಡಿ ಎಂದಿದ್ದಳು. ಹಗಲೆಲ್ಲ ತೂಕಡಿಸಿ, ಎದ್ದಾಗ ಬಾಗಿಲನ್ನೇ ನೋಡುತ್ತಿದ್ದಳು. ಬಾಯಿ ತೆರೆದರೆ ಬರುತ್ತಿದ್ದ 'ಲೇ' ಎಲ್ಲೋ ಹೋಗಿತ್ತು. ಸಿಸ್ಟರ್ ಹೇಳಿದ ಎಚ್ಚರಿಕೆ ಮಗಳಿಗೆ ಅಕ್ಷರ ಅಕ್ಷರವೂ ನೆನಪಿತ್ತು. ಫೋನ್ ಮಾಡಿದರೆ ಮಾತ್ರೆ ಬದಲಾಗುತ್ತದೆ, ಮಾತ್ರೆ ಬದಲಾದರೆ ಈ ಅಮ್ಮ ಹೋಗಿ ಆ ಅಮ್ಮ ಬರುತ್ತಾಳೆ. ಉಳಿದಿರುವುದೇ ಕೆಲವು ವಾರ, ಅಷ್ಟು ದಿನ ಈ ಅಮ್ಮನೇ ಇರಲಿ, ನೋವೆಂದು ನರಳುತ್ತಲೂ ಇಲ್ಲವಲ್ಲ, ಯಾರಿಗೇನು ನಷ್ಟ ಎಂದು ತನಗೆ ತಾನೇ ವಾದ ಮಾಡಿಕೊಂಡಳು. ತಪ್ಪೆಂದು ಗೊತ್ತಿದ್ದವರೇ ಇಷ್ಟು ಚೆನ್ನಾಗಿ ವಾದ ಮಾಡುವುದು.

ಮೂರನೆಯ ದಿನ ಸಿಸ್ಟರ್ ಬಂದಾಗ ತಾಯಿ ನಿದ್ದೆಯಲ್ಲಿದ್ದಳು. ಸಿಸ್ಟರ್ ನಾಡಿ ನೋಡುತ್ತ ಕೇಳಿದಳು.

"ಮಾತಲ್ಲಿ, ನೆನಪಲ್ಲಿ ಏನಾದ್ರೂ ವ್ಯತ್ಯಾಸ? ಗುರುತು ತಪ್ಪೋದು, ಇಲ್ಲದ್ದು ಕಾಣೋದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಗಳು ಸೆರಗು ಸರಿಪಡಿಸಿಕೊಂಡಳು.

"ಇಲ್ಲ ಸಿಸ್ಟರ್. ನೆಮ್ಮದಿಯಾಗಿದಾರೆ."

"ಒಂದಕ್ಕೆ ಸರಿಯಾಗಿ ಹೋಗ್ತಿದಾರಾ?"

"ಸ್ವಲ್ಪ ಸ್ವಲ್ಪ ಹೋಗ್ತಾರೆ."

ಅವತ್ತು ಬೇರೆ ಮೂರು ಮನೆಗೆ ಹೋಗಬೇಕಿದ್ದ ಸಿಸ್ಟರ್ ಪುಸ್ತಕದಲ್ಲಿ ಬರೆದುಕೊಂಡು ಸ್ಕೂಟರ್ ಹತ್ತಿದಳು. ಆಮೇಲಿನ ಮೂರು ದಿನ ಮಗಳು ಹೊಲಿಗೆಗಿಂತ ಹೆಚ್ಚಾಗಿ ಹೊಗಳಿಕೆಯನ್ನೇ ಮಾಡಿಸಿಕೊಂಡಳು. ಹೊಸ ಬಟ್ಟೆ ಮುಗಿದು, ತೋರಿಸಲು ಬೇರೇನೂ ಸಿಗದೆ, ಗಿರಾಕಿಗಳು ಒಯ್ಯಲು ಮರೆತಿದ್ದ ಹಳೆಯ ಬಟ್ಟೆಗಳನ್ನೆಲ್ಲ ಕಪಾಟಿನಿಂದ ತೆಗೆದು ತೋರಿಸಿದಳು. ಕೈಯಲ್ಲಿ ಕತ್ತರಿ, ಹೆಗಲ ಮೇಲೆ ಟೇಪು, ಬಾಯಲ್ಲಿ ಒಂದೇ ಪ್ರಶ್ನೆ: "ಇದು ಹೇಗಿದೆ ಅಮ್ಮ?" ಎಲ್ಲವೂ ಚೆನ್ನಾಗಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಹೊಲಿದ ಮೊದಲ ಲಂಗವೊಂದನ್ನು ಇಟ್ಟುಕೊಂಡಿದ್ದಳು, ಅದರ ಅಂಚು ಹಾವಿನಂತೆ ಹರಿದಾಡುತ್ತಿತ್ತು. ಅದೂ ಚೆನ್ನಾಗಿತ್ತು. ಮಗಳು ಆ ಅಂಚನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿದಳು. ಆದರೂ ಮಡಿಸಿಟ್ಟು ಇನ್ನೊಂದನ್ನು ತೆಗೆದಳು.

ಆರನೆಯ ದಿನ ಸಿಸ್ಟರ್ ಬಂದಾಗ ತಾಯಿ ಎಚ್ಚರವಾಗಿದ್ದಳು. ಮೈ ಒರೆಸಲು ಬಿಸಿನೀರು ಬೇಕೆಂದು ಮಗಳು ಒಳಗೆ ಹೋದಳು. ಒಲೆ ಹಚ್ಚುವಷ್ಟರಲ್ಲಿ ಮುಂದಿನ ಕೋಣೆಯಿಂದ ತಾಯಿಯ ಪಿಸುಮಾತು ಕೇಳಿಸಿತು.

"ಅವಳು ಒಳಗೆ ಹೋದ್ಲಾ? ನೋಡಿ ತಾಯಿ, ನೀವು ಆಸ್ಪತ್ರೆಯೋರ ಹಾಗೆ ಕಾಣ್ತೀರ. ಒಂದು ಉಪಕಾರ ಮಾಡಿ. ನನ್ನ ಮನೆಗೆ ಕಳಿಸಿಬಿಡಿ."

"ಇದು ಯಾರ ಮನೆ ಅಮ್ಮಾ?" ಸಿಸ್ಟರಿನ ದನಿ ಏನೂ ಆಗಿಲ್ಲವೆಂಬಂತೆ ಇತ್ತು.

"ಗೊತ್ತಿಲ್ಲ. ಯಾರೋ ತಂದು ಹಾಕಿದಾರೆ. ಆ ಹೆಂಗಸು ಕೆಟ್ಟವಳೇನಲ್ಲ, ಹೊಡೆದಿಲ್ಲ. ಆದ್ರೆ ಕತ್ತರಿ ಹಿಡ್ಕೊಂಡೇ ಬರ್ತಾಳೆ. ಬಂದು ಬಂದು ಬಟ್ಟೆ ತೋರಿಸ್ತಾಳೆ. ಏನು ತೋರಿಸಿದ್ರೂ ಚೆನ್ನಾಗಿದೆ ಅಂತೀನಿ, ಏನು ತಿನ್ನಿಸಿದ್ರೂ ಚೆನ್ನಾಗಿದೆ ಅಂತೀನಿ. ಸಿಟ್ಟು ಬರಿಸಬಾರದಲ್ಲ."

"ಕೈಯಲ್ಲಿ ಏನು ಹೆಕ್ತಿದೀರ?"

"ಇರುವೆ. ಹೊದಿಕೆ ತುಂಬಾ ಇರುವೆ. ತೆಗೆದಷ್ಟೂ ಬರ್ತಾವೆ. ಅವಳಿಗೆ ಹೇಳಿಲ್ಲ. ಹೇಳೋಕೆ ಭಯ." ಸ್ವಲ್ಪ ಹೊತ್ತು ಉಸಿರಿನ ಸದ್ದು. "ನನ್ನ ಮಗಳು ಹುಡುಕ್ತಾ ಇರ್ತಾಳೆ. ಅವಳಿಗೆ ಹೇಳಿ ಕಳಿಸಿ. ಅವಳು ಬಂದ್ರೆ ಇವರೆಲ್ಲರಿಗೂ ಸರಿಯಾಗಿ ಹೇಳ್ತಾಳೆ. ಭಾಳ ಗಟ್ಟಿ ಅವಳು."

ನೀರು ಕುದಿಯುತ್ತಿತ್ತು, ಮಗಳು ಒಲೆಯ ಮುಂದೆ ನಿಂತಿದ್ದಳು. ಆರು ದಿನ ತಾಯಿ ತನ್ನ ಮುಖವನ್ನೇ ಯಾಕೆ ನೋಡುತ್ತಿದ್ದಳೆಂದು ಈಗ ಗೊತ್ತಾಯಿತು. ಬೈಯುವುದು ನಮ್ಮವರನ್ನು, ಹೊಗಳುವುದು ಹೊರಗಿನವರನ್ನು. ಈ ತಾಯಿಯ ಲೆಕ್ಕ ಬದಲಾಗಿಯೇ ಇರಲಿಲ್ಲ. ತಾನು ಆರು ದಿನ ಹೊರಗಿನವಳಾಗಿದ್ದೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿದ್ದೆ ಎಂದು ಅವಳಿಗೆ ತಿಳಿಯಿತು. ಒಲೆ ಆರಿಸಿ ಹೊರಗೆ ಬಂದಳು.

"ಸಿಸ್ಟರ್, ಆರು ದಿನದಿಂದ ಹೀಗೇ ಇದಾರೆ. ನಂಗೆ ಮೊನ್ನೆನೇ ಅನುಮಾನ ಇತ್ತು. ನಾನು ಸುಳ್ಳು ಹೇಳಿದೆ."

ಸಿಸ್ಟರ್ ಅವಳನ್ನು ನೋಡಿದಳು, ಯಾಕೆ ಎಂದು ಕೇಳಲಿಲ್ಲ. ಹೊದಿಕೆ ಸರಿಸಿ ಹೊಕ್ಕಳಿನ ಕೆಳಗೆ ಕೈಯಿಟ್ಟಳು. ತಾಯಿ ಮುಖ ಕಿವುಚಿ, ತಕ್ಷಣ ಮಗಳ ಕಡೆ ನೋಡಿ, ಏನಿಲ್ಲ ಏನಿಲ್ಲ ಎಂಬಂತೆ ನಕ್ಕಳು. ಆ ನಗುವನ್ನು ಮಗಳು ನೋಡಬಾರದಿತ್ತು.

"ಮೂತ್ರ ಕಟ್ಟಿದೆ. ಕಲ್ಲಿನ ಹಾಗೆ ಆಗಿದೆ ಹೊಟ್ಟೆ. ಸ್ವಲ್ಪ ಸ್ವಲ್ಪ ಹೋಗ್ತಿದ್ದದ್ದು ತುಂಬಿ ಸೋರಿದ್ದು. ಬುದ್ಧಿ ಕಲಸಿಹೋಗೋಕೆ ಇದೇ ಸಾಕು. ಮಲವಿಸರ್ಜನೆ ಆಗಿ ಎಷ್ಟು ದಿನ?"

ಮಗಳಿಗೆ ನೆನಪಾಗಲಿಲ್ಲ. ಸಿಸ್ಟರ್ ಟ್ಯೂಬ್ ಹಾಕಿದಳು. ಚೀಲ ತುಂಬುತ್ತಲೇ ಹೋಯಿತು, ನಿಲ್ಲುತ್ತದೆಯೋ ಇಲ್ಲವೋ ಎನಿಸುವಷ್ಟು ಹೊತ್ತು. ಡಾಕ್ಟರಿಗೆ ಫೋನ್ ಮಾಡಿ ನೋವಿನ ಮಾತ್ರೆಯ ಪ್ರಮಾಣ ಇಳಿಸಿದಳು, ಹೊಟ್ಟೆ ಸಡಿಲಾಗಲು ಔಷಧಿ ಕೊಟ್ಟಳು, ಭಯ ತಗ್ಗಲು ಹನಿಗಳಲ್ಲಿ ಕೊಡುವ ಇನ್ನೊಂದನ್ನು ಬರೆಸಿದಳು. ಕೈ ತೊಳೆಯುವಾಗ ಮೆಲ್ಲಗೆ ಹೇಳಿದಳು.

"ಮೊನ್ನೆ ನಾನು ಬಂದಾಗಲೇ ಹೇಳಿದ್ರೆ ಮೂರು ದಿನ ಉಳೀತಿತ್ತು. ಆಗಿದ್ದು ಆಯ್ತು. ಎರಡು ಮೂರು ದಿನದಲ್ಲಿ ತಿಳಿಯಾಗ್ಬಹುದು. ಕಾಯಿಲೆನೇ ತಲೆವರೆಗೂ ಹೋಗಿದ್ರೆ ಆಗದೇನೂ ಇರ್ಬಹುದು. ನಾನು ಮಾತು ಕೊಡಲ್ಲ. ಹಗಲು ಬೆಳಕಿರಲಿ, ಕನ್ನಡಕ ಹಾಕಿ, ಹತ್ತಿರ ಹೋದಾಗೆಲ್ಲ ನೀವು ಯಾರು ಅಂತ ಹೇಳಿ. ವಾದ ಮಾಡ್ಬೇಡಿ. ಆ ಕತ್ತರಿ ಒಳಗಿಡಿ."

ಮಗಳು ಯಂತ್ರವನ್ನೇ ಒಳಗೆ ತಳ್ಳಿದಳು. ಮಂಚದ ಹತ್ತಿರ ಹೋದಾಗೆಲ್ಲ, "ಅಮ್ಮ, ನಾನು ನಿನ್ನ ಮಗಳು. ಇದು ನಮ್ಮನೆ," ಎಂದಳು. ಮೊದಲ ದಿನ ನಲವತ್ತು ಸಲವಾದರೂ ಹೇಳಿರಬೇಕು. ತಾಯಿ ಪ್ರತಿ ಸಲವೂ ಬಹಳ ಮರ್ಯಾದೆಯಿಂದ, "ಹೌದಾ, ಒಳ್ಳೇದು," ಎಂದಳು. ಇನ್ನು ಅವಳು ತನ್ನನ್ನು ಗುರುತಿಸದೆಯೇ, ಹೀಗೆ ನಗುತ್ತ ಹೆದರುತ್ತಲೇ ಹೋಗಿಬಿಟ್ಟರೆ ಎಂದು ನೆನೆದು ಮಗಳು ಅನ್ನ ಬಿಟ್ಟಳು. ಒಂದೇ ಒಂದು ಸಲ ಬೈಯಲಿ ಎಂದು ಕೇಳಿಕೊಂಡಳು. ನಲವತ್ತನಾಲ್ಕು ವರ್ಷ ಬೇಡವೆಂದದ್ದನ್ನೇ ಬೇಡಿಕೊಳ್ಳುವ ಕಾಲ ಬಂದಿತ್ತು.

ಟ್ಯೂಬ್ ಹಾಕಿದ ಮೂರನೆಯ ದಿನ ಬೆಳಿಗ್ಗೆ ಮಗಳು ಕಿಟಕಿ ತೆರೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಆ ಪರದೆ ಯಾರು ಹಾಕಿದ್ದು?"

"ನಾನೇ."

"ಒಂದು ಕಡೆ ಇಳಿದಿದೆಯಲ್ಲೇ. ಕಣ್ಣೇನು ನೆತ್ತಿ ಮೇಲಿದೆಯಾ?"

ಮಗಳು ಕಿಟಕಿಯ ಕೆಳಗೆ ಕೂತು ಅತ್ತಳು. ಒಳಗಿಂದ ಓಡಿಬಂದ ಗಂಡ ಬಾಗಿಲಲ್ಲೇ ನಿಂತ. ತಾಯಿ ಇಬ್ಬರನ್ನೂ ನೋಡಿ, "ಪರದೆಗೆ ಯಾಕೆ ಅಳ್ತೀಯ, ಬಿಚ್ಚಿ ಮತ್ತೆ ಹಾಕು," ಎಂದಳು.

ಸಂಜೆಯ ಹೊತ್ತಿಗೆ ತಾಯಿಗೆ ಎರಡು ಮಾತಾಡುವಷ್ಟು ಶಕ್ತಿ ಬಂದಿತ್ತು. ಅವಳೇ ಶುರು ಮಾಡಿದಳು.

"ಎಲ್ಲಿ ಹಾಕಿದ್ರಿ ನನ್ನ? ಯಾರದೋ ಮನೇಲಿದ್ದೆ. ಮೈಯೆಲ್ಲ ಇರುವೆ. ಒಬ್ಬ ಹೆಂಗಸು ಕತ್ತರಿ ಹಿಡ್ಕೊಂಡು ನಿಂತಿರೋಳು. ಒಳಗೊಳಗೇ ನಿನ್ನ ಕೂಗಿದೆ. ಎಷ್ಟು ಕೂಗಿದೆ. ನೀನು ಬರ್ಲಿಲ್ಲ."

ಕೆಟ್ಟ ಕನಸು ಅಮ್ಮ, ಬಿಡು ಎಂದರೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸಿಸ್ಟರಂತೂ ಹೇಳುವವಳಲ್ಲ. ಮಗಳಿಗೆ ಅದು ಆಗಲಿಲ್ಲ.

"ಆ ಹೆಂಗಸು ನಾನೇ ಅಮ್ಮ."

ತಾಯಿ ನೋಡಿದಳು. ಅಂಗಿಯ ಒಳಹೊಲಿಗೆ ತಿರುಗಿಸಿ ನೋಡುವಾಗಿನ ನೋಟ.

"ನಂಗೆ ಸರಿಯಿಲ್ಲ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಎರಡನೇ ದಿನಕ್ಕೇ ಗೊತ್ತಾಯ್ತು."

"ಮತ್ತೆ?"

"ನೀನು ಹೊಲಿಗೆ ಚೆನ್ನಾಗಿದೆ ಅಂದೆ. ಒಳ್ಳೇ ಕೈ ಅಂದೆ. ಕೇಳ್ತಾ ಕೂತುಬಿಟ್ಟೆ."

"ಅಷ್ಟಕ್ಕಾ?"

"ಅಷ್ಟಕ್ಕೇ."

ಬೈಯುತ್ತಾಳೆ ಎಂದು ಮಗಳು ಕಾದಳು. ಬೈಯದೆ ಬೇರೇನಾದರೂ ಹೇಳಿಯಾಳೆಂದೂ ಕಾದಳು, ಮನಸ್ಸಿಗೆ ನಾಚಿಕೆಯೆಂಬುದಿಲ್ಲ. ಕೊನೆಗೆ ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವಿರಲಿಲ್ಲ.

"ಕೇಳು. ನಾನು ಇನ್ನೊಂದು ಸಲ ನಿನ್ನ ಹೊಗಳಿದ್ರೆ ಅದನ್ನ ಕೇಳ್ತಾ ಕೂರಬೇಡ. ಆ ಕ್ಷಣಕ್ಕೇ ಸಿಸ್ಟರಿಗೆ ಫೋನ್ ಮಾಡು. ಆ ಮನೆಗೆ ನನ್ನ ಮತ್ತೆ ಕಳಿಸಬೇಡ ಕಣೇ. ಅಲ್ಲಿ ನೀನಿರಲ್ಲ."

"ಆಯ್ತಮ್ಮ."

"ಮಾತು ಕೊಡು."

ಮಗಳು ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ತಾಯಿ ಆಮೇಲೆ ಹತ್ತೊಂಬತ್ತು ದಿನ ಬದುಕಿದಳು. ಮಗಳು ಫೋನನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆಯೇ ಇಟ್ಟುಕೊಂಡಳು. ಗಂಜಿ ಬಿಸಿ ಹೆಚ್ಚಾಯಿತು, ದಿಂಬು ಎತ್ತರವಾಯಿತು, ಅಳಿಯನ ಚಹಾ ಮತ್ತೆ ಕಲಗಚ್ಚಾಯಿತು. ಪ್ರತಿ ಬೈಗುಳಕ್ಕೂ ಮಗಳ ಉಸಿರು ಹಗುರಾಗುತ್ತಿತ್ತು, ಅಮ್ಮ ಇಲ್ಲೇ ಇದ್ದಾಳೆ ಎಂದು. ರೋಗಿಯನ್ನು ಎತ್ತದೆ, ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳಿಸಿ ಹಾಸಿಗೆಯ ಬಟ್ಟೆ ಬದಲಿಸುವುದನ್ನು ಸಿಸ್ಟರ್ ಕಲಿಸಿಕೊಟ್ಟಿದ್ದಳು. ಮೊದಮೊದಲು ಬೆನ್ನಿನಡಿ ಸುಕ್ಕು ಉಳಿದು ಅದಕ್ಕೂ ಬೈಸಿಕೊಂಡಳು.

ಹದಿನೇಳನೆಯ ದಿನ ಮಧ್ಯಾಹ್ನ ಬಟ್ಟೆ ಬದಲಿಸಿ, ಅಂಚುಗಳನ್ನು ಎಳೆದು ಸಿಕ್ಕಿಸಿ, ತಾಯಿಯನ್ನು ಅಂಗಾತ ಮಲಗಿಸಿದಳು. ತಾಯಿ ಎರಡೂ ಕೈಗಳನ್ನು ಪಕ್ಕದಲ್ಲಿ ನಿಧಾನವಾಗಿ ಆಡಿಸಿ ಹುಡುಕಿದಳು. ಎಲ್ಲೂ ಸುಕ್ಕಿರಲಿಲ್ಲ. ತಲೆ ತಿರುಗಿಸಿ ಮಗಳನ್ನು ನೋಡಿದಳು. ಕಣ್ಣು ತಿಳಿಯಾಗಿತ್ತು.

"ಲೇ," ಎಂದಳು. "ನೀನು..."

ಮಗಳ ಕೈ ತನ್ನಷ್ಟಕ್ಕೆ ತಾನೇ ಸ್ಟೂಲಿನ ಕಡೆ ಹೋಯಿತು. ತಾಯಿ ಆ ಕೈಯನ್ನು ನೋಡಿದಳು, ಅದು ಫೋನಿನ ಮೇಲೆ ಕೂತದ್ದನ್ನು ನೋಡಿದಳು. ತೆರೆದ ಬಾಯಿ ಮುಚ್ಚಿಕೊಂಡಿತು.

"ಏನಮ್ಮ?"

"ಏನಿಲ್ಲ. ಬಾಗಿಲು ಹಾಕು, ಗಾಳಿ ಬರ್ತಿದೆ."

ಮಗಳು ಬಾಗಿಲು ಹಾಕಿ ಬರುವಷ್ಟರಲ್ಲಿ ತಾಯಿಗೆ ಜೊಂಪು ಹತ್ತಿತ್ತು. ಆಮೇಲೆ ಅವಳು ಮಾತಾಡಲಿಲ್ಲ, ಎರಡು ದಿನ ಕಳೆದು ತೀರಿಕೊಂಡಳು. ಸಿಸ್ಟರ್ ಬಂದವಳು ಕೊನೆಕೊನೆಗೆ ಮತ್ತೆ ಗೊಂದಲವೇನಾದರೂ ಆಗಿತ್ತಾ ಎಂದು ಕೇಳಿದಾಗ ಮಗಳು ಇಲ್ಲವೆಂದಳು, ಈ ಸಲ ನಿಜವನ್ನೇ ಹೇಳಿದಳು. ಅರ್ಧಕ್ಕೇ ನಿಂತ ಆ 'ಲೇ, ನೀನು' ಬರೀ ನೀರು ಕೇಳುವುದಕ್ಕಾಗಿಯೂ ಇದ್ದೀತು ಎಂದು ಗಂಡ ಈಗಲೂ ಸಮಾಧಾನ ಮಾಡುತ್ತಾನೆ. ಮಗಳು ಹೂಂ ಎನ್ನುತ್ತಾಳೆ, ತನ್ನ ಆ ಕೈಯನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.